ತುಟಿಯ ಮಾತು

ಬನಹಟ್ಟಿಯ ವಿದ್ಯುತ್ ಮಗ್ಗದ ಶೆಡ್ಡಿನೊಳಗೆ ಕಾಲಿಟ್ಟರೆ ಪಕ್ಕದವನು ಕಿರುಚಿದರೂ ಕೇಳಿಸುವುದಿಲ್ಲ. ಹಾಗಂತ ನೇಕಾರರು ಸುಮ್ಮನಿರುವ ಜನವೇ? ಬರೀ ತುಟಿ ಆಡಿಸುತ್ತಾರೆ, ಎದುರಿನವರು ನೋಡಿ ತಿಳಿದುಕೊಳ್ಳುತ್ತಾರೆ. ಅತ್ತೆಯ ಮೇಲಿನ ಸಿಟ್ಟು, ಮಗ್ಗಗಳ ಒಡೆಯ ಸಾವಕಾರನ ಮೇಲಿನ ಬೈಗುಳ ಎಲ್ಲವೂ ಆ ಗದ್ದಲದಲ್ಲಿ ಸದ್ದಿಲ್ಲದೆ ಓಡಾಡುತ್ತವೆ. ಸಾವಕಾರ ಮೂಲೆಮೂಲೆಗೆ ಕ್ಯಾಮೆರಾ ಹಾಕಿಸಿದಾಗಲೂ ಅವರು ನಕ್ಕಿದ್ದರು. ನೋಡಲಿ ಬಿಡು, ಕೇಳಿಸುವುದೇನು ಮಣ್ಣು!

ನಗು ನಿಂತದ್ದು ನೇಕಾರ ಬಸವಕುಮಾರನ ಕೈ ಮಗ್ಗ ತಿರುಗಿಸುವ ಪಟ್ಟಕ್ಕೆ ಸಿಕ್ಕ ದಿನ. ಬೆರಳುಗಳು ಹೋದದ್ದನ್ನು ಎಲ್ಲರೂ ಕಣ್ಣಾರೆ ಕಂಡರು. ಮರುದಿನ ಸಾವಕಾರ ಎಲ್ಲರನ್ನೂ ನಿಲ್ಲಿಸಿ, "ನಿನ್ನಿ ಬಸವಕುಮಾರ ಕೆಲಸಕ್ಕ ಬಂದೇ ಇರಲಿಲ್ಲ. ತಿಳೀತಿಲ್ಲೊ?" ಎಂದ. ಪರಿಹಾರ ಕೊಡಬೇಕಾದೀತೆಂದು ಕ್ಯಾಮೆರಾದಲ್ಲಿ ಆ ದಿನವನ್ನೇ ಅಳಿಸಿ ಹಾಕಿದ್ದ. ಸ್ವಲ್ಪ ದಿನಕ್ಕೆ ಕೆಲವರಿಗೆ, ಅವನು ನಿಜವಾಗಿಯೂ ಬಂದಿರಲಿಲ್ಲವೇನೋ ಅನಿಸತೊಡಗಿತು. ಇಂಥ ಮರೆವಿಗೆ ಏನು ಹೇಳಬೇಕು!

ಕಾರ್ಮಿಕ ಇಲಾಖೆಯ ಸಾಹೇಬರು ವಿಚಾರಣೆಗೆ ಬರುವ ಹಿಂದಿನ ದಿನ, ಕಂಡಿಕೆಗೆ ನೂಲು ಸುತ್ತುತ್ತಿದ್ದ ಶೇವಂತಿಯನ್ನು ಸಾವಕಾರ ಆಫೀಸಿಗೆ ಕರೆಸಿ ಪರದೆಯ ಮುಂದೆ ಕೂರಿಸಿದ. ಪರದೆಯಲ್ಲಿ ಅವಳ ಗಂಡ ನವೀನ ಪಕ್ಕದ ಮಗ್ಗದವನಿಗೆ ತುಟಿ ಆಡಿಸುತ್ತಿದ್ದ.

"ಏನಂತಾನ ಹೇಳ, ತಂಗಿ."

ನವೀನ ಅನ್ನುತ್ತಿದ್ದುದು ಅವಳಿಗೆ ಸ್ಪಷ್ಟವಾಗಿತ್ತು: 'ಏನರ ಆಗ್ಲಿ, ನಾಳಿ ಸಾಹೇಬ್ರ ಮುಂದ ಖರೆ ಹೇಳಾಂವ ನಾ.'

"ಮುಧೋಳಕ್ಕ ಹೋಗಿ ನಾಯಿಮರಿ ತರೂಣು ಅನ್ನಾಕತ್ತಾರ್ರಿ," ಎಂದಳು.

ಸಾವಕಾರ ನಕ್ಕ. "ನಮ್ಮವ್ವ ಗುರುಬಾಯಿನೂ ನಿನ್ನಂಗ ಕಂಡಿಕಿ ಸುತ್ತಿದಾಕಿ. ಆಕಿ ತೊಡಿ ಮ್ಯಾಲ ಕುಂತ ತುಟಿಮಾತ ಕಲ್ತೇನಿ ನಾ."

ಅಯ್ಯೋ, ಅದನ್ನೇ ಮರೆತಿದ್ದರಲ್ಲ ಎಲ್ಲರೂ! ಬಿಳಿ ಅಂಗಿ, ಕಾರು ನೋಡಿ ಅವನೂ ನೇಕಾರರ ಮಗ ಎಂಬುದೇ ಯಾರ ತಲೆಗೂ ಹೊಳೆದಿರಲಿಲ್ಲ.

"ಗೊತ್ತಿದ್ದ ಮ್ಯಾಲ ನನ್ನ ಯಾಕ ಕೇಳತೀರಿ, ಸಾವಕಾರ್ರ?"

"ನಿನ್ನ ಬಾಯಿಂದ ಬರಬೇಕು. ಇಲ್ಲಂದ್ರ ನಾಳಿ ನವೀನನ ಕೈನೂ ಪಟ್ಟಕ್ಕ ಸಿಕ್ಕೀತು. ಅವತ್ತ ಅವನೂ ಕೆಲಸಕ್ಕ ಬಂದಿರಂಗಿಲ್ಲ."

ಅವಳು ಅಳುತ್ತ ಒಂದೊಂದೇ ಮಾತು ಹೇಳಿದಳು. ಗಂಡನ ಕೈ ಉಳಿಯಲಿ ಎಂದು, ಅವನ ಮೇಲಿನ ಪ್ರೀತಿಗೇ ಹೇಳಿದಳು. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಸಾವಕಾರ ನವೀನನನ್ನು ಕರೆಸಿದ. ಬೈಯಲಿಲ್ಲ, ಹೊಡೆಯಲಿಲ್ಲ. "ನಿನ್ನ ಹೇಣ್ತಿ ಎಲ್ಲಾ ಹೇಳ್ಯಾಳಪಾ," ಎಂದನಷ್ಟೇ. ನವೀನ ಹೆಂಡತಿಯತ್ತ ನೋಡಿದ. ಅವಳು ತುಟಿ ಆಡಿಸುವಷ್ಟರಲ್ಲಿ ಅವನು ತಲೆ ತಗ್ಗಿಸಿಯಾಗಿತ್ತು.

ಮರುದಿನ ಸಾಹೇಬರಿಗಾಗಿ ಮಗ್ಗಗಳನ್ನು ನಿಲ್ಲಿಸಿದ್ದರು. "ಅವತ್ತ ಬಸವಕುಮಾರ ಬಂದಿರಲಿಲ್ಲರಿ," ಎಂದು ನವೀನ ಹೇಳಿದ್ದು ಇಡೀ ಶೆಡ್ಡಿಗೆ ಕೇಳಿಸಿತು.

ಸಾವಕಾರನಿಗೂ ತುಟಿಮಾತು ತಿಳಿಯುತ್ತದೆಂಬ ಸುದ್ದಿ ಹರಡಿ, ಅಂದಿನಿಂದ ಎಲ್ಲರೂ ಬಾಯಿಗೆ ಟವೆಲ್ ಕಟ್ಟಿಕೊಂಡು ದುಡಿಯುತ್ತಾರೆ. ಹತ್ತಿಯ ಧೂಳಿಗೆ ಛಲೋ ಆತು ಎಂದು ಸಾವಕಾರ ಮೆಚ್ಚುತ್ತಾನೆ.

ಮನೆಯಲ್ಲಿ ಶೇವಂತಿ ರೊಟ್ಟಿ ಬಡಿಸಿದರೆ ನವೀನ ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಾನೆ. ಇವತ್ತು ಅವಳಿಗೆ ತಡೆಯಲಾಗಲಿಲ್ಲ. "ಬೈಯರ ಬೈರಿ. ಏನರ ಅನ್ರಿ," ಎಂದು ಅವನ ಭುಜ ಹಿಡಿದಳು.

ಅವನು ಕೈ ತೊಳೆದು, ಟವೆಲ್ಲನ್ನು ಬಾಯಿಗೆ ಬಿಗಿಯಾಗಿ ಸುತ್ತಿಕೊಂಡ ಮೇಲೆಯೇ ತಿರುಗಿದ. ಬಟ್ಟೆಯ ಹಿಂದೆ ತುಟಿ ಅಲುಗಿತು. ಏನೆಂದನೋ ಅವಳಿಗೆ ತಿಳಿಯಲಿಲ್ಲ.