ಕಟ್ಟೆಪುರದ ಬೀದಿಯಲ್ಲಿ ಸೈಕಲ್ಲು

ಕಾರು ಬಂದಿದ್ದು ಚಿಕ್ಕನಂಜಮ್ಮನನ್ನು ಕರೆಯುವುದಕ್ಕೆ. ಆದರೆ ಆ ಕಾರಿಗೆ ಚಿಕ್ಕನಂಜಮ್ಮ ಹತ್ತುವ ಹಾಗಿರಲಿಲ್ಲ. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ನಗುವವರು ನಗಲಿ, ಅವಳಿಗೆ ಮಾತ್ರ ಅವತ್ತು ಮೈಯೆಲ್ಲ ಉರಿದುಹೋಯಿತು.

ಎರಡನೆಯ ಮಹಾಯುದ್ಧದ ಕಾಲ. ಕಟ್ಟೆಪುರದ ದೊಡ್ಡ ಗೌಡರ ಮಗ ಸಿದ್ದರಾಜು ಬೆಳಗಾಗುತ್ತಲೇ ಮಳವಳ್ಳಿಗೆ ಕಾರು ಹೊಡೆದುಕೊಂಡು ಬಂದಿದ್ದ. ಅವನ ಅಕ್ಕ ಯಶೋದಮ್ಮ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು, ರಾತ್ರಿಯಿಂದ ನೋವು ತಿನ್ನುತ್ತಿದ್ದಳು. ಊರಿನ ಮುದುಕಿ ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, ಕೂಸು ಕಾಲು ಮುಂದಾಗಿ ತಿರುಗಿದೆ, ಇದು ನನ್ನ ಕೈಲಾಗುವ ಕೆಲಸವಲ್ಲ ಎಂದು ಎದ್ದುಬಿಟ್ಟಿದ್ದಳು. ಇನ್ನು ಉಳಿದವಳು ಚಿಕ್ಕನಂಜಮ್ಮ ಒಬ್ಬಳೇ. ಅವಳು ಮೈಸೂರಿನಲ್ಲಿ ಹೆರಿಗೆ ಕೆಲಸ ಕಲಿತು ಬಂದವಳು, ಕೇರಿಯ ಹೆಣ್ಣುಮಗಳು. ಮಳವಳ್ಳಿ ಸುತ್ತಮುತ್ತ ಕಷ್ಟದ ಹೆರಿಗೆ ಎಂದರೆ ಎಲ್ಲ ಜಾತಿಯವರಿಗೂ ಅವಳ ನೆನಪಾಗುತ್ತಿತ್ತು. ಹೆರಿಗೆ ಮುಗಿಯುವತನಕ ನೆನಪಿರುತ್ತಿತ್ತು ಎಂದರೆ ಸರಿ.

ಸುದ್ದಿ ಕೇಳಿದವಳೇ ಒಲೆ ಮೇಲಿನ ಸಾರನ್ನು ಹಾಗೇ ಇಳಿಸಿ, ಕೈ ತೊಳೆದು, ತನ್ನ ಸಾಮಾನಿನ ತಗಡಿನ ಪೆಟ್ಟಿಗೆ ಹಿಡಿದು ಓಡಿಬಂದಳು. ಕಾರಿನ ಹಿಂಬಾಗಿಲಿಗೆ ಕೈ ಹಾಕಿದಳು.

"ಅಲ್ಲ ಕಣಮ್ಮ," ಎಂದ ಸಿದ್ದರಾಜು. "ನಾನು ಯೋಳಿ ಓಗಕ್ಕೆ ಬಂದಿದ್ದು. ನಿನ್ನ ಗಂಡನ ತಾವ ಸೈಕಲ್ಲದಲ್ಲ, ಅದ್ರಲ್ಲಿ ಹಿಂದ್ಗುಟ್ಲೆ ಬಂದ್ಬುಡು."

"ಯಾಕೆ, ಕಾರಲ್ಲಿ ಜಾಗ ಇಲ್ವಾ ಗೌಡ್ರೇ?"

"ಜಾಗ ಏನೋ ಅದೆ. ಅವ್ವ ಇದ್ರಲ್ಲೇ ದೇವಸ್ಥಾನಕ್ಕೆ ಓಯ್ತಳೆ. ನಿಂಗೇನು ಗೊತ್ತಿಲ್ವಾ."

ಹುಡುಗ ಕೆಟ್ಟವನೇನಲ್ಲ. ಅಕ್ಕನ ಚಿಂತೆಯಲ್ಲಿ ಮುಖ ಬಾಡಿಹೋಗಿತ್ತು. ಆ ಮಾತನ್ನೂ ಅವನು ಸೊಕ್ಕಿನಿಂದ ಆಡಲಿಲ್ಲ, ಇವತ್ತು ಸೋಮವಾರ ಎಂದು ಹೇಳುವ ಹಾಗೆ ಆಡಿದ. ಚಿಕ್ಕನಂಜಮ್ಮನಿಗೆ ಸಿಟ್ಟು ನೆತ್ತಿಗೇರಿದ್ದು ಅದಕ್ಕೇ. ಬೈದಿದ್ದರೆ ಅವಳೂ ಬೈಯಬಹುದಾಗಿತ್ತು.

"ಪೆಟ್ಟಿಗೆ ಬೇಕಾದ್ರೆ ಕೊಡು," ಎಂದ ಅವನೇ ಮತ್ತೆ. "ಸೈಕಲ್ ಮ್ಯಾಲೆ ಅದ್ನೆಲ್ಲಿ ಮಡಿಕ್ಕಂಡು ಕುಂತ್ಕತೀಯ. ಕಾರು ಅಂದ್ರೆ ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಊರಲ್ಲಿರ್ತದೆ. ನಾನು ಮುಂದಾಗಿ ಓಗಿ ನೀರು ಕಾಯ್ಸಕ್ಕೆ ಯೋಳಿರ್ತೀನಿ, ನೀನು ಬಾ."

ನೋಡಿ ಇವರ ಮೈಲಿಗೆಯ ಲೆಕ್ಕವನ್ನು. ಅವಳ ಪೆಟ್ಟಿಗೆ ಸೀಟಿನ ಮೇಲೆ ಕೂರಬಹುದು, ಅವಳು ಕೂರಬಾರದು. ಇನ್ನು ಸ್ವಲ್ಪ ಹೊತ್ತಿಗೆ ಅವನ ಅಕ್ಕನ ಬಸಿರಿನಿಂದ ಕೂಸನ್ನು ಹಿಡಿದು ತೆಗೆಯಬೇಕಾದ ಕೈ ಕಾರಿನ ಬಾಗಿಲಿಗೆ ಬೇಡ. ಚಿಕ್ಕನಂಜಮ್ಮನಿಗೆ ಬಾಯಿತುಂಬ ಮಾತು ಬಂತು. ಆದರೆ ನಾಲ್ಕು ಮೈಲಿ ಆಚೆ ಒಬ್ಬಳು ಹೆಣ್ಣುಮಗಳು ಜೀವ ಹಿಡಿದುಕೊಂಡು ಕೂತಿದ್ದಾಳೆ, ಜಗಳಕ್ಕೆ ಇದು ಹೊತ್ತಲ್ಲ ಎಂದು ಪೆಟ್ಟಿಗೆಯನ್ನು ಸೀಟಿನ ಮೇಲೆ ಎತ್ತಿ ಕುಕ್ಕಿದಳು. ಕಾರು ಹೊಗೆ ಉಗುಳುತ್ತಾ ಹೋಯಿತು.

ಅವಳ ಗಂಡ ಪುಟ್ಟಮಾದಯ್ಯ ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುವವನು. ಆಗಷ್ಟೇ ಸೈಕಲ್ಲು ಹಿಡಿದು ಕೆಲಸಕ್ಕೆ ಹೊರಟು ನಿಂತಿದ್ದ. ಅವಳು ಕ್ಯಾರಿಯರ್ ಮೇಲೆ ಹತ್ತಿ ಕೂತು, "ಕಟ್ಟೆಪುರಕ್ಕೆ ತುಳಿ," ಎಂದಳು.

ಕಟ್ಟೆಪುರ ಅವನು ಹುಟ್ಟಿದ ಊರು, ಕಿರುಗಾವಲಿನ ಕಡೆಯ ರಸ್ತೆಯಲ್ಲಿತ್ತು. ಆ ಹೆಸರು ಕೇಳಿ ಅವನ ಮುಖ ಸ್ವಲ್ಪ ಸಣ್ಣಗಾಯಿತು. ಆದರೂ ತುಳಿದ. ಹೊರೆ ಹೊತ್ತ ಕಾಲುಗಳು, ಹೆಂಡತಿಯ ಭಾರ ಒಂದು ಭಾರವೇ ಅಲ್ಲ ಎನ್ನುವ ಹಾಗೆ ತುಳಿದ. ಎದುರಿಗೆ ಬಂದ ಗಾಡಿಗಳನ್ನು ರಸ್ತೆಯ ಅಂಚಿನಲ್ಲೇ ದಾಟಿದ. ಕುರಿ ಮಂದೆಯೊಂದು ಅಡ್ಡ ಬಂದಾಗ ಹೊಲದ ಕಾಲುದಾರಿಗೆ ಇಳಿಸಿ, ಮುಂದೆ ಮತ್ತೆ ರಸ್ತೆಗೆ ಹತ್ತಿಸಿದ. ಹೊಂಡ ಬಂದಾಗಲೆಲ್ಲ ಚಿಕ್ಕನಂಜಮ್ಮನ ಬೆನ್ನುಮೂಳೆ ನೆತ್ತಿಗೆ ತಾಗುತ್ತಿತ್ತು.

ಅರ್ಧ ದಾರಿಯಲ್ಲಿ ಕೆರೆ ಏರಿಯ ಏರು. ಅಲ್ಲಿ ಕಾರು ನಿಂತಿತ್ತು.

ಯುದ್ಧದಿಂದಾಗಿ ಪೆಟ್ರೋಲಿಗೆ ರೇಷನ್ ಚೀಟಿ ಬಂದ ಮೇಲೆ ಗೌಡರು ಕಾರಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಡ್ರಮ್ಮು ಕಟ್ಟಿಸಿದ್ದರು. ಅದರೊಳಗೆ ಇದ್ದಿಲು ಉರಿಸಬೇಕು, ಅದರ ಗ್ಯಾಸಿನಲ್ಲಿ ಕಾರು ಓಡಬೇಕು. ಚಪ್ಪಟೆ ನೆಲದಲ್ಲಿ ಹೇಗೋ ಓಡುತ್ತಿತ್ತು, ಏರು ಕಂಡರೆ ಮುದಿ ಎತ್ತಿನ ಹಾಗೆ ಮಂಡಿಯೂರುತ್ತಿತ್ತು. ಸಿದ್ದರಾಜು ಡ್ರಮ್ಮಿನ ಮುಚ್ಚಳ ತೆಗೆದು ಕೋಲಿನಿಂದ ಕೆದಕುತ್ತಾ, ಗಾಳಿ ಊದುವ ಹಿಡಿ ತಿರುಗಿಸುತ್ತಾ ಬೆವರುತ್ತಿದ್ದ. ಮುಖವೆಲ್ಲ ಮಸಿ.

ಪುಟ್ಟಮಾದಯ್ಯನಿಗೆ ನಗು ಬಂತು, ಮುಖ ತಿರುಗಿಸಿಕೊಂಡು ನಕ್ಕ. ಚಿಕ್ಕನಂಜಮ್ಮ ಇಳಿದು, ಯಾರನ್ನೂ ಕೇಳದೆ ಕಾರಿನ ಬಾಗಿಲು ತೆಗೆದು, ಪೆಟ್ಟಿಗೆ ಎತ್ತಿಕೊಂಡಳು.

"ಪುಟ್ಟಮಾದ, ವಸಿ ತಳ್ಳು ಬಾರ್ಲಾ," ಎಂದ ಸಿದ್ದರಾಜು. "ನೀನೂ ಕೈ ಕೊಡಮ್ಮ. ಏರಿ ಅತ್ತುಸ್ಬುಟ್ರೆ ಆಮೇಲೆ ಎಲ್ರಿಗಿಂತ ಮುಂದೆ ಓಯ್ತದೆ."

"ತಳ್ಳಕ್ಕೆ ಮೈಲಿಗೆ ಇಲ್ವಾ ಗೌಡ್ರೇ?" ಎಂದಳು ಚಿಕ್ಕನಂಜಮ್ಮ. "ಕೂರಕ್ಕೆ ಮಾತ್ರನಾ?"

ಹುಡುಗ ಮತ್ತೆ ಡ್ರಮ್ಮಿಗೆ ಕೋಲು ಹಾಕಿದ.

"ನಿಮ್ಮಕ್ಕ ಅಲ್ಲಿ ಸಾಯ್ತಾ ಕುಂತವ್ಳೆ. ನಾನಿಲ್ಲಿ ಕಾರು ತಳ್ಕಂಡು ನಿಂತ್ಕಳನಾ? ನೀವೇ ತಳ್ಕಳಿ."

ಮಡಿಲಲ್ಲಿ ಪೆಟ್ಟಿಗೆ ಇಟ್ಟುಕೊಂಡು ಮತ್ತೆ ಹತ್ತಿದಳು. ಏರಿಯ ಇಳಿಜಾರಿನಲ್ಲಿ ಸೈಕಲ್ಲು ಗಾಳಿಯಾಯಿತು. ಪೆಟ್ಟಿಗೆಯೊಳಗಿನ ಸೀಸೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ದೂರದಲ್ಲಿ ಕಟ್ಟೆಪುರದ ಹೆಂಚಿನ ಮನೆಗಳು ಕಂಡವು. ಈಗ ಅವಳಿಗೆ ಧೈರ್ಯ ಬಂತು, ಆ ಕೂಸನ್ನು ಉಳಿಸಬಹುದು ಎನಿಸಿತು.

ಅಷ್ಟರಲ್ಲಿ ಸೈಕಲ್ಲು ನಿಂತಿತು.

ಊರ ಬಾಗಿಲಿನ ಚಾವಡಿ. ಅಲ್ಲಿಂದ ಗೌಡರ ಮನೆಯವರೆಗೆ ನೇರವಾದ ಉದ್ದನೆಯ ಬೀದಿ. ಕೇರಿಯವರು ಆ ಬೀದಿಯಲ್ಲಿ ಚಪ್ಪಲಿ ಕೈಲಿ ಹಿಡಿದು ನಡೆಯಬೇಕು, ಸೈಕಲ್ಲಿದ್ದರೆ ತಳ್ಳಿಕೊಂಡು ಹೋಗಬೇಕು. ಪುಟ್ಟಮಾದಯ್ಯ ಹೊಸ ಸೈಕಲ್ಲು ತಂದ ವರ್ಷ ಒಮ್ಮೆ ಮರೆತು ಹತ್ತಿಕೊಂಡೇ ಬಂದಿದ್ದ. ಚಾವಡಿಯಲ್ಲಿ ಸದಾ ಕೂತಿರುವ ಮಹದೇವಯ್ಯ ಅವನನ್ನು ಕೆಳಗೆ ಎಳೆದು, ಎರಡು ಚಕ್ರದ ಟಯರನ್ನೂ ಕುಡುಗೋಲಿನಿಂದ ಸೀಳಿ, ಊರವರ ಮುಂದೆ ಕಿವಿ ಹಿಡಿಸಿದ್ದ. ಇವತ್ತು ಮಹದೇವಯ್ಯ ಇನ್ನೂ ಬಾಯಿ ತೆರೆದಿರಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಿದ್ದ, ಅಷ್ಟೆ. ಪುಟ್ಟಮಾದಯ್ಯನ ಕಾಲುಗಳು ತಾವಾಗಿಯೇ ನೆಲಕ್ಕೆ ಇಳಿದಿದ್ದವು.

"ತುಳಿ," ಎಂದಳು ಅವಳು.

"ಬ್ಯಾಡ ನಂಜಿ. ಇಳ್ಕೊ."

"ಎರಿಗೆ ಮಾಡ್ಸಕ್ಕೆ ಓಯ್ತಿರೋದು ಕಣಯ್ಯ, ಮೆರವಣಿಗೆಗಲ್ಲ. ತುಳಿ."

ಅವನು ಚಪ್ಪಲಿ ಬಿಚ್ಚುತ್ತಿದ್ದ. ಮಹದೇವಯ್ಯ ಎಲೆಯನ್ನು ಬಾಯಿಗಿಟ್ಟುಕೊಂಡು, "ಅವ್ನಿಗೆ ಗ್ಯಾನ ಅದೆ ಬುಡಮ್ಮ," ಎಂದ.

ಚಿಕ್ಕನಂಜಮ್ಮನಿಗೆ ಆ ಕ್ಷಣ ಗಂಡನ ಮೇಲೆ ಬಂದಷ್ಟು ಸಿಟ್ಟು ಮಹದೇವಯ್ಯನ ಮೇಲೂ ಬರಲಿಲ್ಲ. ಜಗಳವಾಡುತ್ತ ನಿಂತರೆ ಹೊತ್ತು ಹೋಗುತ್ತದೆ. ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ಓಡಿದಳು. ಸೆರಗು ಜಾರಿತು, ಕಲ್ಲಿಗೆ ಕಾಲು ಎಡವಿ ಉಗುರು ಕಿತ್ತುಬಂತು. ಆ ಬೀದಿ ಮುಗಿಯಲೊಲ್ಲದು. ಜಗಲಿಯ ಮೇಲಿದ್ದವರು ಎದ್ದು ನಿಂತು ನೋಡಿದರು. ಓಡಬೇಡ ಎಂದು ಯಾರೂ ಹೇಳಲಿಲ್ಲ, ಓಡುವುದಕ್ಕೆ ಅಡ್ಡಿಯಿರಲಿಲ್ಲ.

ಗೌಡರ ಮನೆಯ ಒಳಗೆ ಹೋದಾಗ ಕೂಸು ಕಾಲು ಮುಂದಾಗಿ ಬಂದು ಕುತ್ತಿಗೆಯವರೆಗೆ ಇಳಿದಿತ್ತು. ತಲೆ ಸಿಕ್ಕಿಕೊಂಡಿತ್ತು. ಯಶೋದಮ್ಮನಿಗೆ ಕೂಗುವ ತ್ರಾಣವೂ ಉಳಿದಿರಲಿಲ್ಲ. ಚಿಕ್ಕನಂಜಮ್ಮ ತನ್ನ ಏದುಸಿರನ್ನು ಹಲ್ಲು ಕಚ್ಚಿ ಹಿಡಿದು ಕೈ ತೊಳೆದಳು. ಕಲಿತದ್ದೆಲ್ಲ ಆ ಕೈಗೆ ಬಂತು. ಕೂಸು ಹೊರಗೆ ಬಂದಾಗ ನೀಲಿಗಟ್ಟಿತ್ತು, ಅಳಲಿಲ್ಲ. ಗೌಡರ ಹೆಂಡತಿ ಮಲ್ಲಿಗಮ್ಮ ಗೋಡೆಗೆ ತಲೆ ಇಟ್ಟುಕೊಂಡು ನಿಂತುಬಿಟ್ಟಳು. ಚಿಕ್ಕನಂಜಮ್ಮ ಕೂಸಿನ ಬಾಯಿಗೆ ತನ್ನ ಬಾಯಿ ಹಚ್ಚಿ ಊದಿದಳು. ಮತ್ತೆ ಊದಿದಳು. ಮಲ್ಲಿಗಮ್ಮ ಅದನ್ನು ಕಣ್ಣಾರೆ ನೋಡಿದಳು, ಮೈಲಿಗೆ ಎನ್ನಲಿಲ್ಲ.

ಹತ್ತಾರು ಸಲ ಊದಿದ ಮೇಲೆ ಕೂಸು ಬೆಕ್ಕಿನ ಮರಿಯ ಹಾಗೆ ಒಂದು ಸದ್ದು ಮಾಡಿತು. ಆಮೇಲೆ ಅತ್ತಿತು. ಚಿಕ್ಕನಂಜಮ್ಮ ಅಲ್ಲೇ ನೆಲದ ಮೇಲೆ ಕೂತು ತಾನೂ ಅತ್ತಳು. ಸಂತೋಷಕ್ಕೆ ಎಂದು ಮನೆಯವರು ತಿಳಿದರು. ಸಂತೋಷವೂ ಇತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಈ ಕೂಸು ಉಳಿಯುತ್ತಿರಲಿಲ್ಲ, ಆ ಸ್ವಲ್ಪವನ್ನು ನಾನು ನನ್ನ ಕಾಲಿನ ಉಗುರು ಕೊಟ್ಟು ತಂದೆ ಎಂಬ ಉರಿಯೇ ಅವಳನ್ನು ಅಳಿಸಿದ್ದು.

ಅವಳು ಹೊರಗೆ ಬರುವ ಹೊತ್ತಿಗೆ ಕಾರೂ ಬಂದಿತ್ತು. ಎರಡು ಜೊತೆ ಎತ್ತು ಕಟ್ಟಿ ಎಳೆದುಕೊಂಡು ಬಂದಿದ್ದರು. ಗೌಡರ ಜಗಲಿ ತುಂಬ ಜನ. ಕಾರು ಬೇಗನೋ ಸೈಕಲ್ಲು ಬೇಗನೋ ಎಂದು ವಾದ ಜೋರಾಗಿ ನಡೆದಿತ್ತು. ಏರಿ ಇಲ್ಲದಿದ್ದರೆ ಕಾರೇ ಮುಂದು ಎಂದು ಒಬ್ಬ, ಇಷ್ಟು ಹತ್ತಿರದ ದಾರಿಗೆ ಇದ್ದಿಲು ಹೊತ್ತಿಸುವುದರೊಳಗೆ ಸೈಕಲ್ಲು ಹೋಗಿ ಬಂದಿರುತ್ತದೆ ಎಂದು ಇನ್ನೊಬ್ಬ. ಗೌಡರು ಮೊಮ್ಮಗ ಹುಟ್ಟಿದ ಗೆಲುವಿನಲ್ಲಿ ಎಲ್ಲರಿಗೂ ಎಲೆ ಅಡಿಕೆ ಕೊಡಿಸುತ್ತಿದ್ದರು. ಮಲ್ಲಿಗಮ್ಮ ಒಂದು ಮೊರದಲ್ಲಿ ಅಕ್ಕಿ, ಬೆಲ್ಲ, ಹೊಸ ಸೀರೆ ತಂದು, ಅಂಗಳದ ನಡುವೆ ನೆಲದ ಮೇಲೆ ಇಟ್ಟು, ಹಿಂದಕ್ಕೆ ಸರಿದು ನಿಂತಳು. ಕೈಗೆ ಕೊಡಲಿಲ್ಲ.

"ತಕ್ಕಳಮ್ಮ," ಎಂದರು ಗೌಡರು. "ಒಳ್ಳೆ ಒತ್ತಿಗೆ ಬಂದೆ. ಯೋಳು, ಯಾವ್ದು ಬೇಗ?"

ಚಿಕ್ಕನಂಜಮ್ಮ ಮೊರ ಮುಟ್ಟಲಿಲ್ಲ.

"ಕಾರು ಏರಿ ಮ್ಯಾಲೆ ನಿಂತ್ಕತು, ಸೈಕಲ್ಲು ನಿಮ್ಮ ಚಾವಡಿ ತಾವ ನಿಂತ್ಕತು," ಎಂದಳು. "ಕಾರು ನಿಂತಿದ್ದು ಇದ್ದಿಲು ಕೆಟ್ಟು. ಸೈಕಲ್ಲಿಗೆ ಏನೂ ಕೆಟ್ಟಿರ್ಲಿಲ್ಲ ಗೌಡ್ರೇ. ನನ್ನ ಗಂಡನ್ನ ನೀವು ಇಳ್ಸುದ್ರಿ. ಕೂಸು ಒಳಗೆ ಉಸ್ರು ಕಟ್ಕಂಡಿತ್ತು, ನಾನು ಪೆಟ್ಗೆ ಒತ್ಕಂಡು ಬೀದಿ ಉದ್ದಕ್ಕೂ ಓಡ್ಬೇಕಾಯ್ತು. ಈ ಸೀರೆ ನಂಗೆ ಬ್ಯಾಡ."

ಮಹದೇವಯ್ಯ ಎದ್ದು ನಿಂತ.

"ಬಾಣಂತಿಗೆ ಇನ್ನೂ ರಕ್ತ ಓಯ್ತಾ ಅದೆ," ಎಂದಳು ಅವಳು ಗೌಡರಿಗೇ. "ನಾಳೆ ಬರ್ಬೇಕು, ನಾಡಿದ್ದೂ ಬರ್ಬೇಕು. ನಾವು ಸೈಕಲ್ಲಲ್ಲೇ ಬತ್ತೀವಿ, ಈ ಬಾಗ್ಲು ತಂಕ. ಬೀದಿಲಿ ಯಾರಾದ್ರೂ ಇಳ್ಸುದ್ರೆ ಅಂಗೇ ತಿರಿಕ್ಕಂಡು ಓಯ್ತೀವಿ. ಆಮೇಲೆ ನಿಮ್ಮ ಮಗಳು, ನಿಮ್ಮ ಬೀದಿ."

ಇದು ಸುಳ್ಳು. ಇಳಿಸಿದರೂ ಅವಳು ಬರುವವಳೇ, ತೆವಳಿಕೊಂಡಾದರೂ ಬರುವವಳು. ಒಳಗೆ ಮಲಗಿದ್ದ ಆ ಹುಡುಗಿ ಅವಳ ಬೆರಳನ್ನು ಬಿಡದೆ ಹಿಡಿದುಕೊಂಡಿದ್ದಳಲ್ಲ. ಆದರೆ ಅದನ್ನು ಇವರಿಗೇಕೆ ಹೇಳಬೇಕು? ಗೌಡರು ನೆಲ ನೋಡಿದರು.

ಅವಳು ಹೋಗಿ ಕ್ಯಾರಿಯರ್ ಮೇಲೆ ಕೂತಳು. ಬೀದಿ ಉದ್ದಕ್ಕೂ ಸೈಕಲ್ಲು ತಳ್ಳಿಕೊಂಡು ಬಂದಿದ್ದ ಪುಟ್ಟಮಾದಯ್ಯ ಹ್ಯಾಂಡಲ್ ಹಿಡಿದು ನಿಂತೇ ಇದ್ದ. ಅವನು ಒಮ್ಮೆ ಅವಳ ರಕ್ತ ಸೋರುವ ಕಾಲ್ಬೆರಳು ನೋಡಿದ. ಆಮೇಲೆ ಹತ್ತಿದ. ಸೈಕಲ್ಲು ಮೊದಲು ಓಲಾಡಿತು, ಮುಂದೆ ಸರಿಹೋಯಿತು. ಮಹದೇವಯ್ಯ ಗೌಡರ ಮುಖ ನೋಡುತ್ತಲೇ ನಿಂತಿದ್ದ. ಗೌಡರು ತಲೆ ಎತ್ತಲಿಲ್ಲ. ಬೀದಿ ಉದ್ದಕ್ಕೂ ಯಾರೂ ಅಡ್ಡ ಬರಲಿಲ್ಲ. ಊರು ದಾಟಿದ ಮೇಲೆ ಪುಟ್ಟಮಾದಯ್ಯ ಜೋರಾಗಿ ಉಸಿರು ಬಿಟ್ಟು, "ಸಾಯ್ಸ್ತೀಯ ನೀನು ನನ್ನ," ಎಂದ. ಅವನ ದನಿಯಲ್ಲಿ ಹೆದರಿಕೆಗಿಂತ ಹಿಗ್ಗೇ ಹೆಚ್ಚಿತ್ತು.

ಮಾರನೆಯ ದಿನ ಬೆಳಿಗ್ಗೆ ಕಾರು ಮತ್ತೆ ಮನೆಯ ಮುಂದೆ ಬಂತು. ಈ ಸಲ ಸಿದ್ದರಾಜು ತಾನೇ ಇಳಿದು ಹಿಂಬಾಗಿಲು ತೆರೆದು ನಿಂತ. ಚಿಕ್ಕನಂಜಮ್ಮ ಒಂದು ಗಳಿಗೆ ನಂಬಿಯೂಬಿಟ್ಟಳು. ಹತ್ತಿರ ಹೋಗಿ ನೋಡಿದರೆ ಸೀಟಿನ ಮೇಲೆ ಹಳೆಯ ಗೋಣಿಚೀಲ ಹಾಸಿತ್ತು.

"ಕುಂತ್ಕೊ ಬಾರಮ್ಮ," ಎಂದ ಅವನು, ಅವಳ ಮುಖ ನೋಡದೆ. "ಅಪ್ಪ ಕಾರಲ್ಲೇ ಕರ್ಕಬಾ ಅಂದ್ರು. ದಿನಾ ಬತ್ತೀನಿ. ಸೈಕಲ್ ಮಾತ್ರ ಬೀದಿಗೆ ಬ್ಯಾಡ ಅಂತೆ. ಊರವ್ರು ಒಪ್ಪಾಕಿಲ್ಲ ಅಂತೆ."

ನಿನ್ನೆ ಸಾಯುವ ಕೂಸಿಗೆ ತೆರೆಯದ ಬಾಗಿಲು ಇವತ್ತು ತೆರೆದಿತ್ತು. ಅವಳ ಗಂಡ ಊರ ನಡುವೆ ಸೈಕಲ್ಲು ತುಳಿಯುವುದನ್ನು ತಪ್ಪಿಸಲು ಗೌಡರು ತಮ್ಮ ದೇವಸ್ಥಾನದ ಕಾರನ್ನೇ ಮೈಲಿಗೆ ಮಾಡಿಕೊಳ್ಳಲು ತಯಾರಿದ್ದರು, ಅದೂ ಗೋಣಿ ಹಾಸಿ.

ಚಿಕ್ಕನಂಜಮ್ಮ ಪೆಟ್ಟಿಗೆಯನ್ನು ಮಡಿಲಿಗೆ ಇಟ್ಟುಕೊಂಡು ಸೈಕಲ್ಲಿನ ಮೇಲೆ ಕೂತಳು.

"ನೀವು ಮುಂದೆ ಓಗಿ ಗೌಡ್ರೇ," ಎಂದಳು. "ಕಾರು ಬೇಗ ಓಯ್ತದೆ ಅಂತೀರಲ್ಲ, ಓಗಿ ಚಾವಡಿಲಿ ಯೋಳಿ. ಚಿಕ್ಕನಂಜಿ ಗಂಡ ತುಳ್ಕಂಡು ಬತ್ತಾವ್ನೆ, ದಾರಿ ಬುಡಿ ಅಂತ."