ದಾರದ ಇನ್ನೊಂದು ತುದಿ

"ಒಡೆದು ಹಾಕಿ ಇದನ್ನ," ಎಂದ ಮೇಸ್ತ್ರಿ.

ಆಳುಗಳು ಕೈಲಿದ್ದ ಕೆಲಸ ಬಿಟ್ಟು ಮುಖ ಮುಖ ನೋಡಿಕೊಂಡರು. ಒಡೆಯುವಂಥದ್ದು ಅಲ್ಲಿ ಏನಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಮೇಸ್ತ್ರಿ ಗೋಡೆಯ ತುದಿಯಲ್ಲಿ ಮಂಡಿಯೂರಿ, ಕೆನ್ನೆಯನ್ನು ಇಟ್ಟಿಗೆಗೆ ಆನಿಸಿ, ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ಸಾಲಿನುದ್ದಕ್ಕೂ ನೋಡುತ್ತಿದ್ದ. ಮೂವತ್ತು ಅಡಿಯ ಕಾಂಪೌಂಡು ಗೋಡೆ. ಮನೆ ಕಟ್ಟಿಸುತ್ತಿದ್ದ ಟೀಚರಮ್ಮನಿಗೆ ಇಟ್ಟಿಗೆ ಇಟ್ಟಿಗೆಯಾಗಿಯೇ ಕಾಣಬೇಕೆಂಬ ಆಸೆ. ಗಿಲಾವು ಬೇಡ, ಬಣ್ಣವೂ ಬೇಡ ಎಂದಿದ್ದರು. ಗಿಲಾವಿಲ್ಲದ ಗೋಡೆಯೆಂದರೆ ತಪ್ಪು ಮುಚ್ಚಿಕೊಳ್ಳಲು ಜಾಗವಿಲ್ಲದ ಗೋಡೆ. ಅದಕ್ಕೇ ಮೇಸ್ತ್ರಿ ಅದನ್ನು ಬೇರೆ ಯಾರಿಗೂ ಕೊಡದೆ ತನ್ನ ಭಾಮೈದನಿಗೆ, ಹೆಂಡತಿಯ ತಮ್ಮನಿಗೆ, ಒಪ್ಪಿಸಿದ್ದ.

ಭಾಮೈದ ಕರಣೆ ಹಿಡಿದುಕೊಂಡೇ ಹತ್ತಿರ ಬಂದ. "ಯಾಕೆ ಭಾವ? ದಾರ ಕಟ್ಟೇ ಇದೆಯಲ್ಲ. ದಾರಕ್ಕೆ ಸರಿಯಾಗಿ ಕೂರಿಸಿದ್ದೀನಿ."

ಸಾಲು ನೆಟ್ಟಗೆ ಬರಲೆಂದು ಗೋಡೆಯ ತುದಿಯಿಂದ ತುದಿಗೆ ಬಿಗಿದಿದ್ದ ದಾರವನ್ನೂ ಮೇಸ್ತ್ರಿ ನೋಡಿದ. ಇಟ್ಟಿಗೆ ಸಾಲಿನ ಹಾಗೇ ಅದೂ ನಡುವೆ ತಗ್ಗಿತ್ತು, ಒದ್ದೆ ಬಟ್ಟೆ ಹರವಿದ ಹಗ್ಗದ ಹಾಗೆ. "ನಿನ್ನ ದಾರಾನೇ ಜೋತು ಬಿದ್ದಿದೆಯಲ್ಲೋ!"

"ಬೆರಳಲ್ಲಿ ಮೀಟಿ ನೋಡಿ ಭಾವ. ಟಣ್ ಅನ್ನುತ್ತೆ."

ಮೇಸ್ತ್ರಿ ಮೀಟಲಿಲ್ಲ. ಗಾರೆ ಕೆಲಸದವರೆಲ್ಲ ಅವನನ್ನು 'ರಸಮಟ್ಟ' ಎಂದು ಕರೆಯುತ್ತಿದ್ದರು. ರಸಮಟ್ಟದ ಗಾಜಿನ ಕೊಳವೆಯಲ್ಲಿ ಒಂದು ಗುಳ್ಳೆ ಇರುತ್ತದೆ. ಅದು ನಟ್ಟನಡುವೆ ನಿಂತರೆ ಮಟ್ಟ ಸರಿ, ಅತ್ತಿತ್ತ ಸರಿದರೆ ತಪ್ಪು. ಮೇಸ್ತ್ರಿಯ ಚೀಲದಲ್ಲಿ ಆ ಸಾಮಾನು ಇರಲೇ ಇಲ್ಲ. ಒಂದು ಕಣ್ಣು ಮುಚ್ಚಿದನೆಂದರೆ ಸಾಸಿವೆಯಷ್ಟು ಓರೆಯೂ ಅವನಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷಗಳಲ್ಲಿ ಅವನ ಕಣ್ಣು ಹೇಳಿದ್ದಕ್ಕೆ ಯಾವ ದಾರವೂ ಎದುರಾಡಿದ್ದಿಲ್ಲ. ಈಗ ಎದುರಾಡುತ್ತಿದೆ ಎಂದರೆ ತಪ್ಪು ದಾರದ್ದೇ.

ಕೆಲವು ದಿನಗಳಿಂದ ಬಲಗಣ್ಣಿಗೆ ಏನೋ ಮಂಕು ಕವಿದಂತಿತ್ತು, ನಿಜ. ಎಲ್ಲಿ ನೋಡಿದರೂ ನಡುವೆ ಒಂದು ಬೂದು ಚುಕ್ಕೆ. ಸಿಮೆಂಟಿನ ದೂಳು ಎಂದುಕೊಂಡು ಬೆಳಗ್ಗೆ ಸಂಜೆ ತಣ್ಣೀರು ಎರಚಿಕೊಳ್ಳುತ್ತಿದ್ದ. ಮೂರು ಕಡೆಯ ಕೆಲಸವನ್ನು ಒಟ್ಟಿಗೆ ಒಪ್ಪಿಕೊಂಡು ನಿದ್ದೆಗೆಟ್ಟಿದ್ದ. ಬೆನ್ನು ಹಿಡಿದುಕೊಂಡಿತ್ತು, ಔಷಧಿ ಅಂಗಡಿಯವನು ಕೊಟ್ಟ ಮಾತ್ರೆ ನುಂಗಿಕೊಂಡು ಓಡಾಡುತ್ತಿದ್ದ. ಸಾಯಲೂ ಪುರುಸೊತ್ತಿಲ್ಲದವನು ಒಂದು ಚುಕ್ಕೆಗೆಲ್ಲ ಆಸ್ಪತ್ರೆಗೆ ಹೋಗುತ್ತಾನೆಯೇ?

"ಅಲ್ಲ ಭಾವ, ಇನ್ನೊಂದ್ಸಲ ಆ ಕಡೆಯಿಂದ..."

"ನನಗೇ ಹೇಳಿಕೊಡ್ತೀಯಾ? ಹದಿನಾರು ವರ್ಷ ಜೊತೆಗಿದ್ದೂ ಒಂದು ಸಾಲು ನೆಟ್ಟಗೆ ಕೂರಿಸೋಕೆ ಬರಲ್ಲ. ನಿಮ್ಮಕ್ಕನ ಮುಖ ನೋಡಿ ಇಟ್ಕೊಂಡಿದ್ದೀನಿ ನಿನ್ನ. ತಿಳ್ಕೋ."

ಅಲ್ಲಿ ಮೂವರು ಆಳುಗಳಿದ್ದರು, ಬಾಂಡ್ಲಿ ಹೊರುವ ಹೆಂಗಸು ಇದ್ದಳು, ಬಾಗಿಲಲ್ಲಿ ಟೀಚರಮ್ಮ ನಿಂತಿದ್ದರು. ಭಾಮೈದ ಕರಣೆಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂದೆ ಮುಂದೆ ತೊಳೆದು, ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡ. ಬೆಳಗಿನ ಹತ್ತೂವರೆಗೆ ಯಾವ ಗಾರೆಯವನೂ ಕರಣೆ ತೊಳೆಯುವುದಿಲ್ಲ. ಬಾಂಡ್ಲಿಯ ಹೆಂಗಸು ತಲೆಯ ಮೇಲಿನ ಭಾರ ಇಳಿಸುವುದನ್ನೇ ಮರೆತು ಅವನು ಗೇಟು ದಾಟುವುದನ್ನು ನೋಡುತ್ತಿದ್ದಳು.

ಮೇಸ್ತ್ರಿ ಮೇಲಿನ ನಾಲ್ಕು ಸಾಲು ಕೀಳಿಸಿದ. ದಾರ ಬಿಚ್ಚಿ ಎಸೆದ. ತಾನೇ ಕೂತು, ಬರೀ ಕಣ್ಣಳತೆಯಲ್ಲಿ, ಸಂಜೆಯೊಳಗೆ ನಾಲ್ಕೂ ಸಾಲು ಎಬ್ಬಿಸಿದ. ಕೊನೆಗೆ ಒಂದು ಕಣ್ಣು ಮುಚ್ಚಿ ನೋಡಿದರೆ ಗೆರೆ ಎಳೆದಂತಿತ್ತು. ಆಳುಗಳು ತುಟಿ ಪಿಟಕ್ಕೆನ್ನದೆ ಕೈಕಾಲು ತೊಳೆದು ಹೊರಟರು. ಕೆಲಸ ನೋಡಿ ಬೆರಗಾಗಿದ್ದಾರೆ ಎಂದುಕೊಂಡ ಪುಣ್ಯಾತ್ಮ.

ಭಾಮೈದ ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಅಕ್ಕ ತಮ್ಮ ಫೋನಿನಲ್ಲಿ ಮಾತಾಡಿಕೊಂಡಿದ್ದಾರೆ ಎನ್ನುವುದು ಹೆಂಡತಿ ತಟ್ಟೆ ಇಡುವ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಹತ್ತು ದಿನ ಮನೆಯಲ್ಲಿ ಪಾತ್ರೆಗಳದ್ದೇ ಮಾತು.

ಹನ್ನೊಂದನೆಯ ದಿನ ಭಾನುವಾರ. ಹೆಂಡತಿ ಒಣಗಿದ ಬಟ್ಟೆಗಳನ್ನು ಮಡಿಸುತ್ತಿದ್ದಳು. ಮೇಸ್ತ್ರಿ ಕುರ್ಚಿಯಲ್ಲಿ ಒರಗಿ, ಅಭ್ಯಾಸಬಲದಿಂದ ಒಂದು ಕಣ್ಣು ಮುಚ್ಚಿ, ಎದುರಿನ ಬಾಗಿಲ ಚೌಕಟ್ಟನ್ನು ದಿಟ್ಟಿಸಿದ.

"ಇದು ಯಾವಾಗ ಡೊಂಕಾಯ್ತೇ?"

"ಯಾವುದು?"

"ಚೌಕಟ್ಟು. ನಡುವೆ ಒಳಕ್ಕೆ ಬಂದಿದೆ, ನೋಡು."

ಬಾಯಿ ಬಿಡಲು ಅವಳಿಗೂ ಒಂದು ನೆಪ ಬೇಕಿತ್ತು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಅವತ್ತು ನನ್ನ ತಮ್ಮ ಕಟ್ಟಿದ ಗೋಡೆ ಡೊಂಕು. ಇವತ್ತು ನೀವೇ ನಿಲ್ಲಿಸಿದ ಬಾಗಿಲು ಡೊಂಕು. ಹಾಗೇ ನನ್ನ ಮೂಗೂ ನೆಟ್ಟಗಿದೆಯಾ ನೋಡಿಬಿಡಿ, ಒಡೆಸೋದಿದ್ರೆ ಒಟ್ಟಿಗೇ ಒಡೆಸಿಬಿಡಿ."

ಮೇಸ್ತ್ರಿ ನಗುತ್ತಲೇ ಅವಳ ಕಡೆ ತಿರುಗಿ ಎಡಗಣ್ಣು ಮುಚ್ಚಿದ. ಮೂಗು ಇರಲಿಲ್ಲ. ಮೂಗಿದ್ದ ಜಾಗದಲ್ಲಿ ಬೂದು ಚುಕ್ಕೆ, ಅದರ ಸುತ್ತ ಹುಬ್ಬು ಬಾಯಿ ಎಲ್ಲ ಒಂದು ಕಡೆ ಜಾರಿದ್ದವು. ಎಡಗಣ್ಣು ತೆರೆದು ಬಲಗಣ್ಣು ಮುಚ್ಚಿದ. ಹೆಂಡತಿ ಇದ್ದ ಹಾಗೇ ಇದ್ದಳು, ಸಿಟ್ಟೂ ಸೇರಿ. ಬಾಗಿಲೂ ನೆಟ್ಟಗೆ ನಿಂತಿತ್ತು. ಮತ್ತೆ ಅದಲು ಬದಲು ಮಾಡಿದ. ಮತ್ತೆ.

"ಏನ್ರೀ ಅದು, ಈ ವಯಸ್ಸಲ್ಲಿ ಕಣ್ಣು ಹೊಡೆಯೋದು?" ಎಂದು ನಕ್ಕವಳು ಅವನ ಮುಖ ನೋಡಿ ಮಡಿಸುತ್ತಿದ್ದ ಅಂಗಿಯನ್ನು ಕೆಳಗಿಟ್ಟಳು. ಮೇಸ್ತ್ರಿಗೆ ಜೀವಮಾನದಲ್ಲಿ ಅಷ್ಟು ಭಯವಾದದ್ದಿಲ್ಲ. ಮೂರನೇ ಮಹಡಿಯ ಸಾರುವೆ ಮುರಿದು ಬಿದ್ದಾಗಲೂ ಇಷ್ಟು ಹೆದರಿರಲಿಲ್ಲ. ಕೈ ಹೋದರೆ ಹೇಗೋ ಬದುಕಬಹುದು. ಕಣ್ಣು ಹೋದ ರಸಮಟ್ಟ ಯಾವ ಕೆಲಸಕ್ಕೆ?

ಎರಡು ದಿನ ಬಿಟ್ಟು ಕಣ್ಣಿನ ಡಾಕ್ಟರು ಸಿಕ್ಕರು. ಮಗಳ ವಯಸ್ಸಿನ ಹೆಂಗಸು. ಕಣ್ಣಿಗೆ ಹನಿ ಹಾಕಿದರು, ದೀಪ ಬಿಟ್ಟು ನೋಡಿದರು, ಯಂತ್ರದ ಮುಂದೆ ಗಲ್ಲ ಊರಿಸಿ ಚಿತ್ರ ತೆಗೆಸಿದರು. ಆಮೇಲೆ ಎಡಗಣ್ಣು ಮುಚ್ಚಿಸಿ, ಸಣ್ಣ ಸಣ್ಣ ಚೌಕಗಳ ಒಂದು ಹಾಳೆ ಹಿಡಿದರು. "ಏನು ಕಾಣುತ್ತೆ?"

"ಇದನ್ನ ಯಾರು ಕಟ್ಟಿದ್ದು ಮೇಡಂ? ನಡುವೆ ಕುಸಿದು ಹೋಗಿದೆ."

ಡಾಕ್ಟರು ನಕ್ಕರು. "ಅಚ್ಚಾದ ಹಾಳೆ ಅದು. ಎಲ್ಲ ಗೆರೆನೂ ನೆಟ್ಟಗಿದೆ." ಗಣಕದ ಪರದೆಯ ಮೇಲೆ ಅವನ ಕಣ್ಣಿನ ಚಿತ್ರ ತೋರಿಸಿದರು. "ಕಣ್ಣಿನ ಹಿಂಭಾಗದಲ್ಲಿ ತೆಳ್ಳಗೆ ಒಂದು ಪೊರೆ ಇರುತ್ತೆ. ನಾವು ನೋಡಿದ್ದೆಲ್ಲ ಮೂಡೋದು ಅದರ ಮೇಲೇನೇ. ನಿಮಗೆ ಅದರ ಅಡಿಯಲ್ಲಿ ನೀರು ಸೇರಿಕೊಂಡು ಗುಳ್ಳೆ ಎದ್ದಿದೆ, ಇಲ್ಲಿ ನೋಡಿ."

"ಗೋಡೆಯಲ್ಲಿ ನೀರು ಜಿನುಗಿ ಗಿಲಾವು ಉಬ್ಬಿಕೊಳ್ಳುತ್ತಲ್ಲ, ಹಾಗಾ?"

"ಹಾಗೇನೇ!"

ಮೇಸ್ತ್ರಿಯ ದನಿ ಸಣ್ಣದಾಯಿತು. "ಅಂದ್ರೆ ಕೆತ್ತಿ ಹಾಕಬೇಕು."

"ಏನೂ ಕೆತ್ತೋದು ಬೇಡ. ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಲ್ಲಿ ತಾನಾಗೇ ಇಂಗಿ ಹೋಗುತ್ತೆ, ನೋಟ ವಾಪಸ್ ಬರುತ್ತೆ. ಇಂಗದೇ ಇದ್ರೆ ಆಮೇಲೆ ಅದಕ್ಕೂ ದಾರಿ ಇದೆ. ಚೆನ್ನಾಗಿ ನಿದ್ದೆ ಮಾಡಿ. ಏನಾದ್ರೂ ಮಾತ್ರೆ ತಗೋತಿದ್ದೀರಾ?" ಹೆಂಡತಿ ಚೀಲದಿಂದ ಬೆನ್ನುನೋವಿನ ಮಾತ್ರೆ ತೆಗೆದುಕೊಟ್ಟಳು. ಡಾಕ್ಟರು ಅದನ್ನು ತಿರುಗಿಸಿ ಓದಿದರು. "ಇದು ಸ್ಟೆರಾಯ್ಡು. ಇದರಿಂದಲೂ ಹೀಗಾಗಬಹುದು. ಇದನ್ನ ಹೇಗೆ ಬಿಡಬೇಕು ಅಂತ ಬರೆದುಕೊಡ್ತೀನಿ. ಇನ್ನು ಮೇಲೆ ಅಂಗಡಿಯವರನ್ನ ಕೇಳಿ ನುಂಗಬೇಡಿ."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೇಸ್ತ್ರಿಗೆ ಎದೆಯ ಮೇಲಿನ ಬಂಡೆ ಇಳಿದ ಹಾಗಾಯಿತು. ಡಾಕ್ಟರು ಬರೆಯುತ್ತಾ ಕೇಳಿದರು: "ಶುರುವಾಗಿ ಎಷ್ಟು ದಿನ ಆಯ್ತು?"

ಮೇಸ್ತ್ರಿ ಬೆರಳು ಮಡಿಸಿ ಎಣಿಸತೊಡಗಿದ. "ಒಂದು ಮೂರು ವಾರ, ಮೂರೂವರೆ ವಾರ..." ಎಂದವನ ಬೆರಳು ಅಲ್ಲೇ ನಿಂತಿತು.

"ಗೋಡೆ ಒಡೆಸಿ ಹದಿಮೂರು ದಿನ ಆಯ್ತು," ಎಂದಳು ಹೆಂಡತಿ. ಅವಳು ಡಾಕ್ಟರ ಕಡೆ ನೋಡುತ್ತಿರಲಿಲ್ಲ, ಗಂಡನ ಕಡೆಯೂ ನೋಡುತ್ತಿರಲಿಲ್ಲ.

ಅಲ್ಲಿಂದ ಅವನು ಮನೆಗೆ ಹೋಗಲಿಲ್ಲ. ಟೀಚರಮ್ಮನ ಗೋಡೆಯ ಮುಂದೆ ಹೋಗಿ ಮಂಡಿಯೂರಿ, ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚಿದ. ಕೆಳಗಿನ ಸಾಲುಗಳು, ಭಾಮೈದನವು, ಈ ತುದಿಯಿಂದ ಆ ತುದಿಗೆ ಒಂದೇ ಗೆರೆ. ಮೇಲಿನ ನಾಲ್ಕು ಸಾಲು ಹಾವು ಹರಿದಂತೆ ಏರಿಳಿದಿದ್ದವು. ಒಂದೆಡೆ ಇಟ್ಟಿಗೆ ಬೆರಳಗಲ ಹೊರಬಂದಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವನು ಹೀಗೆ ಕಟ್ಟಿದ್ದರೆ ಮೇಸ್ತ್ರಿ ಅವತ್ತೇ ಮನೆಗೆ ಕಳಿಸುತ್ತಿದ್ದ.

ಟೀಚರಮ್ಮ ಹೊರಗೆ ಬಂದರು. "ಏನು ಮೇಸ್ತ್ರಿ?"

"ಇದು ಹೀಗಿದೆ ಅಂತ ನೀವಾದ್ರೂ ಹೇಳಬಾರದಿತ್ತಾ ಅಮ್ಮ?"

ಅವರಿಗೆ ಸಂಕೋಚವಾಯಿತು. "ನೀವೇ ಕೂತು ಕಟ್ಟಿದ್ದಲ್ವಾ. ಇದೇನೋ ಹೊಸ ಡಿಸೈನ್ ಇರಬೇಕು ಅಂದ್ಕೊಂಡೆ. ನಮ್ಮನೆಯವರೂ ಚೆನ್ನಾಗಿದೆ ಅಂದ್ರು. ನಿಮ್ಮ ಮುಂದೆ ಯಾರು ಮಾತಾಡ್ತಾರೆ, ಹೇಳಿ?"

"ಒಬ್ಬ ಮಾತಾಡಿದ್ದ," ಎಂದ ಮೇಸ್ತ್ರಿ.

ಭಾಮೈದನ ಮನೆಗೆ ಹೋದಾಗ ಅವನು ಜಗಲಿಯಲ್ಲಿ ಮಗಳ ಸೈಕಲ್ಲಿನ ಚೈನು ಹಾಕುತ್ತಿದ್ದ. ಎದ್ದು ಕುರ್ಚಿ ಕೊಟ್ಟ, ನೀರು ತರಿಸಿದ. ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ, ಅದೇ ಮೇಸ್ತ್ರಿಗೆ ಚುಚ್ಚಿತು. ಮೊದಲಾಗಿದ್ದರೆ "ಏನ್ ಭಾವ, ದಾರಿ ತಪ್ಪಿ ಬಂದ್ರಾ?" ಎಂದು ಕಾಲೆಳೆಯುತ್ತಿದ್ದ.

ಮೇಸ್ತ್ರಿ ಎಲ್ಲ ಹೇಳಿದ. ಪೊರೆ, ಗುಳ್ಳೆ, ಚೌಕದ ಹಾಳೆ, ಮಾತ್ರೆ, ಒಂದನ್ನೂ ಬಿಡದೆ ಹೇಳಿದ. ಭಾಮೈದ ಕೈಯ ಗ್ರೀಸು ಒರೆಸುವುದನ್ನು ನಿಲ್ಲಿಸಿ ಕೇಳುತ್ತಿದ್ದ.

"ಮತ್ತೆ ಮೊದಲಿನ ಹಾಗೆ ಕಾಣುತ್ತಂತಾ?"

"ಕಾಣುತ್ತಂತೆ. ಮೂರು ನಾಲ್ಕು ತಿಂಗಳು."

"ಸದ್ಯ." ಅವನಿಗೆ ನಿಜವಾಗಿಯೂ ಸಮಾಧಾನವಾಗಿತ್ತು. ಅದನ್ನು ಕಂಡು ಮೇಸ್ತ್ರಿಗೆ ಧೈರ್ಯ ಬಂತು.

"ಎಲ್ಲ ಈ ಕಣ್ಣಿಂದಾಗಿದ್ದು ಕಣೋ. ನಿನ್ನ ಗೋಡೆ ಸರಿಯಾಗೇ ಇತ್ತು. ನಾಳೆಯಿಂದ ಬಾ."

ಭಾಮೈದ ಸೈಕಲ್ಲಿನ ಪೆಡಲನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ. ಚಕ್ರ ನಿಲ್ಲುವ ತನಕ ನೋಡುತ್ತಿದ್ದು, ಮೆಲ್ಲಗೆ ಕೇಳಿದ: "ಕಣ್ಣಿಗೆ ನೀರು ತುಂಬಿತ್ತು, ಸರಿ. ನಾಲಿಗೆಗೆ ಏನಾಗಿತ್ತು ಭಾವ?"

ಯಾವ ಡಾಕ್ಟರ ಬಳಿಯೂ ಅದಕ್ಕೆ ಚೀಟಿ ಸಿಗುವುದಿಲ್ಲ. ಮೇಸ್ತ್ರಿ ಲೋಟದ ನೀರು ಕುಡಿದು ಎದ್ದು ಬಂದ.

"ಏನಂದ?" ಎಂದಳು ಹೆಂಡತಿ.

"ಕೇಳಬೇಕಾದ್ದನ್ನ ಕೇಳಿದ."

ಬೆಳಗ್ಗೆ ಅವನು ಬಲಗಣ್ಣಿಗೆ ಅಡ್ಡಲಾಗಿ ಕರವಸ್ತ್ರ ಕಟ್ಟಿಕೊಂಡು ಕೆಲಸಕ್ಕೆ ಬಂದ. ಮೂವರು ಆಳುಗಳನ್ನೂ ಬಾಂಡ್ಲಿಯ ಹೆಂಗಸನ್ನೂ ಕರೆದ, ಟೀಚರಮ್ಮನನ್ನೂ ಬಾಗಿಲಿಗೆ ಕರೆಸಿದ. "ಈ ನಾಲ್ಕು ಸಾಲು ಡೊಂಕು ಕಟ್ಟಿದವನು ನಾನು," ಎಂದ. "ಅವನು ಕಟ್ಟಿದ್ದು ನೆಟ್ಟಗಿತ್ತು. ಅವನನ್ನ ನಾನು ಇಟ್ಕೊಂಡಿದ್ದು ಅವರಕ್ಕನ ಮುಖ ನೋಡಿ ಅಲ್ಲ, ಅವನ ಕೈ ನೋಡಿ. ಅವತ್ತು ಆಡಿದ್ದು ಸುಳ್ಳು. ಆಡುವಾಗಲೇ ಸುಳ್ಳು ಅಂತ ನನಗೆ ಗೊತ್ತಿತ್ತು."

ಯಾರಿಗೂ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಬಾಂಡ್ಲಿಯ ಹೆಂಗಸೊಬ್ಬಳೇ ಬಾಯಿ ಬಿಟ್ಟಳು: "ಅವರು ಇದ್ದಾಗ ಹೇಳಿದ್ರೆ ಚೆನ್ನಾಗಿತ್ತು ಮೇಸ್ತ್ರಿ."

"ಹೌದಮ್ಮ," ಎಂದು ಮೇಸ್ತ್ರಿ ಸುತ್ತಿಗೆ ತೆಗೆದುಕೊಂಡ.

ಆಳುಗಳಿಗೆ ಬಿಡದೆ ನಾಲ್ಕೂ ಸಾಲನ್ನು ತಾನೇ ಬಿಡಿಸಿದ. ಸಿಮೆಂಟು ಗಟ್ಟಿಯಾಗಿತ್ತು, ಅರ್ಧಕ್ಕರ್ಧ ಇಟ್ಟಿಗೆ ಚೂರಾದವು. ಒಂದೇ ಕಣ್ಣಿನಲ್ಲಿ ದೂರ ಹತ್ತಿರ ತಿಳಿಯದೆ ಎರಡು ಸಲ ಹೆಬ್ಬೆರಳ ಮೇಲೇ ಹೊಡೆದುಕೊಂಡ. ಆ ದಿನ ಅಷ್ಟಕ್ಕೇ ಮುಗಿಯಿತು. ಬಾಂಡ್ಲಿಯ ಹೆಂಗಸು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಯಾರ ಮನೆಯ ಮುಂದೆ ನಿಂತಳೋ, ಏನು ಹೇಳಿದಳೋ, ಅವಳನ್ನು ಯಾರೂ ಕೇಳಲಿಲ್ಲ.

ಮರುದಿನ ಮೇಸ್ತ್ರಿ ಹೊಸ ದಾರ ತಂದು ಒಂದು ತುದಿಯನ್ನು ಮೊಳೆಗೆ ಸುತ್ತಿದ. ಇನ್ನೊಂದು ತುದಿಗೆ ಹೋಗಿ ಎಳೆಯುವಷ್ಟರಲ್ಲಿ ಇತ್ತ ಗಂಟು ಜಾರಿತು. ವಾಪಸ್ ಬಂದು ಮತ್ತೆ ಸುತ್ತಿದ, ಮತ್ತೆ ಜಾರಿತು. ಮೂರನೇ ಸಲ ಬಗ್ಗಿ ಗಂಟು ಬಿಗಿಯುತ್ತಿದ್ದಾಗ ದಾರ ಅವನ ಬೆರಳುಗಳ ನಡುವೆ ತಾನಾಗಿಯೇ ಬಿಗಿಯಾಯಿತು. ತಲೆ ಎತ್ತಿದ. ಆ ತುದಿಯಲ್ಲಿ ಭಾಮೈದ ಕುಕ್ಕರುಗಾಲಲ್ಲಿ ಕೂತು ದಾರವನ್ನು ಮೊಳೆಗೆ ಸುತ್ತುತ್ತಿದ್ದ.

ಮೇಸ್ತ್ರಿ ಬೆರಳಿನಿಂದ ದಾರ ಮೀಟಿದ. ಟಣ್ ಎಂದಿತು.

ಮೇಸ್ತ್ರಿ ಸಿಮೆಂಟು ಹರವಿ ಮೊದಲ ಇಟ್ಟಿಗೆ ಕೂರಿಸಿದ, ಕರಣೆಯ ಹಿಡಿಯಿಂದ ಎರಡು ಸಲ ತಟ್ಟಿದ. ಎಡಗಣ್ಣಿಗೆ ಅದು ಸರಿಯಾಗಿಯೇ ಕಂಡಿತು. ಆದರೂ ಕೇಳಿದ: "ಸರಿಯಾಗಿದೆಯಾ, ನೋಡು."

ಇಪ್ಪತ್ತೆಂಟು ವರ್ಷಗಳಲ್ಲಿ ಅವನು ಯಾರನ್ನೂ ಈ ಮಾತು ಕೇಳಿದ್ದಿಲ್ಲ. ಭಾಮೈದ ಮಂಡಿಯೂರಿದ. ಕೆನ್ನೆಯನ್ನು ಗೋಡೆಗೆ ಆನಿಸಿ ಒಂದು ಕಣ್ಣು ಮುಚ್ಚಿದ. ಅವಸರವಿಲ್ಲದೆ ನೋಡಿದ.

"ತೆಗೀರಿ ಭಾವ ಅದನ್ನ."

ಮೇಸ್ತ್ರಿ ಇಟ್ಟಿಗೆ ತೆಗೆದ. ಅಂಟಿದ್ದ ಸಿಮೆಂಟನ್ನು ಕರಣೆಯಿಂದ ನಾಲ್ಕೂ ಕಡೆ ಹೆರೆದು, ಇಟ್ಟಿಗೆಯನ್ನು ಬಕೆಟ್ಟಿನ ನೀರಿಗೆ ಬಿಟ್ಟ. ಇಟ್ಟಿಗೆ ನೀರು ಕುಡಿಯುತ್ತಾ ಸಣ್ಣ ಗುಳ್ಳೆಗಳು ಏಳತೊಡಗಿದವು. ಅವು ನಿಲ್ಲುವ ತನಕ ಅವನು ಬಗ್ಗಿಕೊಂಡೇ ಕಾದ.