ಜಾಗ ಹಿಡಿದವಳು

ಸೆಪ್ಟೆಂಬರ್ ಮೊದಲ ಸೋಮವಾರ ಬರುವ ಕಾರ್ಮಿಕರ ದಿನದ ರಜೆಗೆ ಟರ್ನರ್ ಕೊಳದ ದಡದಲ್ಲಿ ಗುಡಾರ ಹೊಡೆಯಬೇಕೆಂದರೆ ಹಿಂದಿನ ಮಂಗಳವಾರವೇ ಹೋಗಿ ಕೂತಿರಬೇಕು. ಅಲ್ಲಿ ಮುಂಚಿತವಾಗಿ ಕಾದಿರಿಸುವ ಪದ್ಧತಿ ಇಲ್ಲ, ಮೊದಲು ಬಂದವರಿಗೆ ಜಾಗ. ಖಾಲಿ ಗುಡಾರ ನಿಲ್ಲಿಸಿ ಊರಿಗೆ ವಾಪಸು ಹೋಗುವ ಜಾಣರು ಹೆಚ್ಚಾದ ಮೇಲೆ ಇನ್ನೊಂದು ನಿಯಮ ಬಂತು. ಜಾಗದ ಚೀಟಿ ಯಾರ ಹೆಸರಲ್ಲಿದೆಯೋ ಅವರು ದಿನಾ ರಾತ್ರಿ ಅಲ್ಲೇ ಮಲಗಬೇಕು. ಬೇಸಿಗೆ ಮುಗಿಯುವ ಆ ವಾರದಲ್ಲಿ ಐಡಹೊ ಬೆಟ್ಟಗಳ ಆ ಎತ್ತರದಲ್ಲಿ ಬೆಳಗಾದರೆ ಬಕೆಟ್ಟಿನ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿರುತ್ತದೆ. ಉಳಿದವರೆಲ್ಲ ಶುಕ್ರವಾರ ಸಂಜೆ ಆರಾಮಾಗಿ ಬಂದಿಳಿಯಬೇಕಾದರೆ ಯಾರಾದರೂ ಒಬ್ಬರು ಮೂರು ರಾತ್ರಿ ಒಂಟಿಯಾಗಿ ಆ ಚಳಿ ಕಾಯಬೇಕು. ನಾವು ಬಸ್ಸಿನ ಸೀಟಿಗೆ ಟವೆಲ್ ಹಾಕುತ್ತೇವಲ್ಲ, ಸೋರನ್ಸನ್ ಮನೆಯವರು ಹಾಗೆ ನೆಲ್ಡಾಳನ್ನು ಹಾಕುತ್ತಿದ್ದರು.

ಹತ್ತೊಂಬತ್ತು ವರ್ಷದಿಂದ ಹೀಗೇ ನಡೆದಿತ್ತು. ಮೊದಲನೆಯ ವರ್ಷ ಅಣ್ಣ ಡೆಲ್ಮರ್ ಕೇಳಿದ್ದ, ನಿನಗೇನು ಗಂಡ ಮಕ್ಕಳ ಕಾಟವೇ, ಹೋಗಿ ಕೂತಿರು ಎಂದು. ಎರಡನೆಯ ವರ್ಷದಿಂದ ಕೇಳುವುದೂ ನಿಂತುಹೋಯಿತು. ನೆಲ್ಡಾ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಊಟ ಬೇಯಿಸುವವಳು. ಶಾಲೆ ತೆರೆದು ಹತ್ತು ದಿನವೂ ಆಗಿರುವುದಿಲ್ಲ, ಆಗಲೇ ರಜೆ ಬೇಕೆಂದು ಮೇಲಿನವರ ಮುಂದೆ ಹಲ್ಲುಗಿಂಜಬೇಕಿತ್ತು. ಅವರು ಮುಖ ಗಂಟಿಕ್ಕಿಕೊಂಡೇ ಕೊಡುತ್ತಿದ್ದರು. ಈ ಕಷ್ಟ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವಳು ಹೇಳಿರಲಿಲ್ಲ. ಅವಳು ಹೇಳದೇ ಇದ್ದದ್ದು ಇನ್ನೂ ಬೇಕಾದಷ್ಟಿತ್ತು. ಸುಮ್ಮನಿರುವವರನ್ನು ಒಳ್ಳೆಯವರೆಂದು ಹೊಗಳಿ ಕೆಲಸ ತೆಗೆದುಕೊಳ್ಳುವ ಮನೆ ಎಲ್ಲ ದೇಶದಲ್ಲೂ ಇರುತ್ತದೆ, ಸೋರನ್ಸನ್‌ರದ್ದೂ ಅಂಥದೇ ಒಂದು.

ಆದರೆ ಈ ಐವತ್ತನಾಲ್ಕನೆಯ ವಯಸ್ಸಿನಲ್ಲಿ ನೆಲ್ಡಾಳಿಗೂ ಒಂದು ಆಸೆ ಹುಟ್ಟಿತ್ತು. ಅದರ ಹೆಸರು ಆರ್ವಲ್. ಕಣಿವೆಯಲ್ಲಿ ಪೀಚ್ ತೋಟವಿದ್ದ ವಿಧುರ, ಕಿವಿ ಕೊಂಚ ಮಂದ, ಮಾತು ಕಡಿಮೆ, ಕೆಲಸದಲ್ಲಿ ನಾಜೂಕು. ಶಾಲೆಗೆ ಹಣ್ಣು ಹಾಕಲು ಬರುತ್ತಿದ್ದವನು ಬರಬರುತ್ತಾ ಹಣ್ಣು ಇಳಿಸಿದ ಮೇಲೂ ಅರ್ಧ ಗಂಟೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂರತೊಡಗಿದ. ಆಮೇಲೆ ಭಾನುವಾರಗಳಲ್ಲಿ ಜೊತೆಯಾಗಿ ಮೀನು ಹಿಡಿಯಲು ಹೋದರು. ಜೂನ್‌ನಲ್ಲಿ ಒಂದು ದಿನ ಅವನು ನೀರನ್ನೇ ನೋಡುತ್ತಾ, ನಿನ್ನ ಮನೆಯವರನ್ನು ನಾನು ನೋಡುವುದು ಯಾವಾಗ ಎಂದು ಕೇಳಿದ. ಕೇಳಿದ್ದರ ಅರ್ಥ ಇಬ್ಬರಿಗೂ ಗೊತ್ತಿತ್ತು. ಬೇಸಿಗೆ ಕೊನೆಗೆ ಕೊಳಕ್ಕೆ ಬಾ, ಎಲ್ಲರೂ ಒಂದೇ ಕಡೆ ಸಿಗುತ್ತಾರೆ ಎಂದು ನೆಲ್ಡಾ ಹೇಳಿದಳು.

ಹೇಳುವ ಮೊದಲು ತಲೆ ಎಣಿಸಿಕೊಂಡಿದ್ದಳು. ಒಂದು ಜಾಗಕ್ಕೆ ಎಂಟೇ ಜನ ಎಂದು ಕಟ್ಟುನಿಟ್ಟು. ಅವಳು ಹಿಡಿಯುತ್ತಿದ್ದದ್ದು ಅಕ್ಕಪಕ್ಕದ ಎರಡು ಜಾಗ, ಅಂದರೆ ಹದಿನಾರು ಜನ. ಅಮ್ಮ ಆರ್ಡಿಸ್ ಮತ್ತು ತಾನು, ಡೆಲ್ಮರ್, ಅವನ ಹೆಂಡತಿ ಶೆರಿಲ್, ಅವರ ನಾಲ್ಕು ಮಕ್ಕಳು, ತಂಗಿ ಕಾರ್ಲೀನ್, ಅವಳ ಗಂಡ, ಅವರ ಐದು ಮಕ್ಕಳು. ಒಟ್ಟು ಹದಿನೈದು. ಒಬ್ಬರಿಗೆ ಇನ್ನೂ ಜಾಗವಿತ್ತು. ಆ ಒಂದು ಜಾಗವನ್ನು ಅವಳು ಜುಲೈನಲ್ಲೇ ಶೆರಿಲ್‌ಗೆ ಫೋನು ಮಾಡಿ ಕೇಳಿದಳು. ತಾನು ಹಿಡಿಯುವ ಜಾಗದಲ್ಲಿ ತನಗೊಂದು ಜಾಗ ಬೇಕೆಂದು ಕೇಳುವ ಮೊದಲು ಅವಳು ಎರಡು ಸಲ ಫೋನು ಎತ್ತಿ ಇಟ್ಟಿದ್ದಳು ಎಂದರೆ ನೋಡಿ. ಅದಕ್ಕೇನಂತೆ, ಬರಲಿ ಬಿಡು, ಊಟ ಎಷ್ಟಾದರೂ ಇರುತ್ತೆ ಎಂದು ಶೆರಿಲ್ ಒಪ್ಪಿದಳು.

ಮಂಗಳವಾರ ನೆಲ್ಡಾ ಹೋಗಿ ಎರಡು ಗುಡಾರ ನಿಲ್ಲಿಸಿದಳು. ಸೌದೆ ಒಡೆದಳು, ಕರಡಿ ಬಾರದಂತೆ ತಿನ್ನುವ ಸಾಮಾನನ್ನೆಲ್ಲ ಕಬ್ಬಿಣದ ಪೆಟ್ಟಿಗೆಯೊಳಗೆ ಭದ್ರ ಮಾಡಿದಳು. ಬುಧವಾರ ಆಲಿಕಲ್ಲು ಬಿತ್ತು. ಗುರುವಾರ ಬಿಸಿಲು ಬಂದು ಕೊಳದಾಚೆಯ ಮರಗಳಲ್ಲಿ ಎಲೆ ಹಳದಿಯಾಗತೊಡಗಿದ್ದು ಕಂಡಿತು. ಬೇರೆ ವರ್ಷಗಳಲ್ಲಿ ಈ ಮೂರು ದಿನ ಮೂರು ವಾರವಾಗುತ್ತಿತ್ತು. ಈ ಸಲ ಅವಳು ಬೆಂಕಿಯ ಮುಂದೆ ಕೂತು, ಆರ್ವಲ್ ಅಮ್ಮನ ಪಕ್ಕದ ಕುರ್ಚಿಯಲ್ಲಿ ಕೂರುವುದನ್ನೂ, ಡೆಲ್ಮರ್ ಅವನಿಗೆ ಮೀನಿನ ವಿಷಯದಲ್ಲಿ ಬುರುಡೆ ಬಿಡುವುದನ್ನೂ ಕಣ್ಣಿಗೆ ತಂದುಕೊಂಡು ಒಬ್ಬಳೇ ನಕ್ಕಳು.

ಶುಕ್ರವಾರ ಸಂಜೆ ಗಾಡಿಗಳು ಬಂದವು. ಡೆಲ್ಮರನ ಹಿರಿಯ ಮಗ ಕೋಲ್ಬಿಯ ಜೊತೆ ಒಬ್ಬ ಹುಡುಗಿ ಇಳಿದಳು. ಹೆಸರು ಟೆಸ್, ಪರಿಚಯವಾಗಿ ಆರು ವಾರ. ಬೆಟ್ಟಕ್ಕೆಂದು ಬಂದವಳ ಕಾಲಲ್ಲಿ ಬಿಳಿಯ ಬಟ್ಟೆ ಚಪ್ಪಲಿ ಇತ್ತು. ಉಳಿದಿದ್ದ ಒಂದು ಜಾಗ ಅಲ್ಲಿಗೆ ತುಂಬಿತು. ನೆಲ್ಡಾ ಕೈ ಒರೆಸಿಕೊಳ್ಳುತ್ತಾ ಅತ್ತಿಗೆಯನ್ನು ಬದಿಗೆ ಕರೆದು, ನಾಳೆ ಆರ್ವಲ್ ಬರುತ್ತಾನೆ, ಹೇಳಿದ್ದೆನಲ್ಲ ಎಂದು ನೆನಪಿಸಿದಳು. ಶೆರಿಲ್‌ಗೆ ಮರೆತೇ ಹೋಗಿತ್ತು. ಅವರು ಊಟ ಮಾಡಿಕೊಂಡು ಹೋಗುತ್ತಾರೆ ತಾನೇ, ಹುಡುಗನ ಮನಸ್ಸು ನೋಯಿಸುವುದು ಬೇಡ, ಅವನು ಯಾರನ್ನಾದರೂ ಕರೆತಂದದ್ದೇ ಇದು ಮೊದಲು ಎಂದು ಅವಳು ನೆಲ್ಡಾಳ ಬೆನ್ನು ತಟ್ಟಿದಳು. ನೆಲ್ಡಾಳೂ ಯಾರನ್ನಾದರೂ ಕರೆದದ್ದು ಇದೇ ಮೊದಲು. ಅವಳು ಹೋಗಿ ಗಾಡಿಯಿಂದ ಸಾಮಾನು ಇಳಿಸತೊಡಗಿದಳು.

ಶನಿವಾರ ನಾಲ್ಕು ಗಂಟೆಗೆ ಆರ್ವಲ್ ಬಂದ. ಇಸ್ತ್ರಿ ಮಾಡಿದ ಅಂಗಿ, ಹೊಸದಾಗಿ ಕತ್ತರಿಸಿದ ಕೂದಲು, ಕೈಯಲ್ಲಿ ತೋಟದ ಕೊನೆಯ ಕೊಯ್ಲಿನ ಪೀಚ್ ತುಂಬಿದ ದೊಡ್ಡ ಬುಟ್ಟಿ. ಅಮ್ಮನ ಮುಂದೆ ಬಗ್ಗಿ ಕೈಕುಲುಕಿದ. ಅಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, ಬಂದಿದ್ದು ಸಂತೋಷ ಎಂದಳು. ಡೆಲ್ಮರ್ ತೋಟ ಎಷ್ಟು ಎಕರೆ ಎಂದು ಕೇಳಿದ. ಮಕ್ಕಳು ಬುಟ್ಟಿಗೆ ಮುತ್ತಿದರು, ಅವರ ಹಿಂದೆ ಕಡಜಗಳೂ ಮುತ್ತಿದವು. ಆರ್ವಲ್ ಹೇಳಿಸಿಕೊಳ್ಳದೆಯೇ ನೆಲ್ಡಾಳ ಪಕ್ಕ ಕುಕ್ಕರಗಾಲಲ್ಲಿ ಕೂತು ಬೆಂಕಿಯಿಂದ ಕೆಂಡ ತೆಗೆದು ದಪ್ಪ ಕಬ್ಬಿಣದ ಪಾತ್ರೆಯ ಮುಚ್ಚಳದ ಮೇಲೆ ಜೋಡಿಸತೊಡಗಿದ. ಈ ಮನೆಯಲ್ಲಿ ಅವಳ ಅಡುಗೆಗೆ ಕೈಹಾಕಿದ ಮೊದಲ ಗಂಡಸು ಅವನೇ. ಅವನು ರಾತ್ರಿ ತನ್ನ ಗಾಡಿಯ ಹಿಂಭಾಗದಲ್ಲೇ ಮಲಗುವುದಾಗಿ ಹೇಳಿದ, ಯಾರಿಗೂ ತೊಂದರೆ ಬೇಡವೆಂದು. ಒಂದೂವರೆ ಗಂಟೆ ಹೊತ್ತು ನೆಲ್ಡಾ ಹತ್ತೊಂಬತ್ತು ವರ್ಷದಲ್ಲಿ ಆಗದಷ್ಟು ಸುಖವಾಗಿದ್ದಳು.

ಆರು ಗಂಟೆಗೆ ಉಸ್ತುವಾರಿಯ ಮಾರ್ಜ್ ಬಂದಳು. ನಿವೃತ್ತ ಶಿಕ್ಷಕಿ, ಕುತ್ತಿಗೆಯಲ್ಲಿ ಸೀಟಿ, ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಕಾಗದ. ನೋಡಲು ಬಂದವರು ಆರಕ್ಕೆ ಹೊರಡಬೇಕು, ಉಳಿಯುವವರು ಎಂಟೆಂಟೇ. ಅವಳು ಬೆರಳು ಮಾಡಿ ಎಣಿಸಿದಳು, ಇನ್ನೊಮ್ಮೆ ಎಣಿಸಿದಳು.

"ಹದಿನೇಳು ಜನ ಇದ್ದೀರಿ," ಅಂದಳು. "ಒಬ್ರು ಜಾಸ್ತಿ."

ಡೆಲ್ಮರ್ ಕೂತಲ್ಲಿಂದಲೇ ಕೈ ಬೀಸಿ, ಇವರು ಈಗ ಹೊರಡ್ತಾರೆ ಅಂದ. ಯಾರು ಎಂದು ಹೇಳಲಿಲ್ಲ. ಅವನ ಕೈ ಮಾತ್ರ ಆರ್ವಲ್‌ನ ಕಡೆಗಿತ್ತು. ಮಾರ್ಜ್ ಅವನ ಕಡೆ ನೋಡಲೂ ಇಲ್ಲ. ಮಂಗಳವಾರದಿಂದ ಚಳಿಯಲ್ಲಿ ಯಾರು ಕೂತಿದ್ದರು ಎಂದು ಆ ಹೆಂಗಸು ಕಣ್ಣಾರೆ ಕಂಡಿದ್ದಳು. ಬುಧವಾರ ಆಲಿಕಲ್ಲು ಬಿದ್ದಾಗ ಬಿಸಿ ಕಾಫಿ ತಂದುಕೊಟ್ಟವಳೂ ಅವಳೇ.

"ಚೀಟಿ ಇರೋದು ಇವರ ಹೆಸರಲ್ಲಿ," ಎಂದು ಅವಳು ನೆಲ್ಡಾಳ ಕಡೆ ತಿರುಗಿದಳು. "ನೀವು ಹೇಳಿ ನೆಲ್ಡಾ. ಯಾರು ನಿಮ್ಮವರು, ಯಾರು ಅಲ್ಲ? ನೀವು ಹೇಳಿದವರು ಉಳೀತಾರೆ."

ಇಷ್ಟು ಸಲೀಸಾಗಿ, ಕೈಗೇ ತಂದಿಟ್ಟ ಹಾಗೆ, ಜೀವಮಾನದಲ್ಲಿ ಯಾರೂ ಅವಳಿಗೆ ಅಧಿಕಾರ ಕೊಟ್ಟಿರಲಿಲ್ಲ. ಅವಳು ಸುತ್ತ ನೋಡಿದಳು. ಟೆಸ್ ಕೋಲ್ಬಿಯ ತೋಳು ಹಿಡಿದುಕೊಂಡು ತನಗೆ ಸಂಬಂಧವೇ ಇಲ್ಲದಂತೆ ಫೋನು ನೋಡುತ್ತಿದ್ದಳು, ಸಿಗ್ನಲ್ ಇಲ್ಲದ ಫೋನು. ಶೆರಿಲ್‌ನ ಹುಬ್ಬು ಏರಿತ್ತು. ಆರ್ವಲ್ ಕೆಂಡ ಎತ್ತುವ ಇಕ್ಕಳ ಹಿಡಿದು ಎದ್ದು ನಿಂತಿದ್ದ. ಚೆನ್ನಾಗಿ ಕೇಳುವ ಕಿವಿಯನ್ನು ಇತ್ತ ತಿರುಗಿಸಿ ಅವಳ ಬಾಯನ್ನೇ ನೋಡುತ್ತಿದ್ದ.

"ನೆಲ್," ಎಂದಳು ಅಮ್ಮ, ಮೆಲ್ಲಗೆ. "ಎಲ್ಲರ ಮುಂದೆ ರಗಳೆ ಬೇಡ ಮಗಳೇ."

ನೆಲ್ಡಾಳ ಬಾಯಿಂದ ಮಾತು ತಾನೇ ತಾನಾಗಿ ಬಂತು. "ಅವರು ಹಣ್ಣು ಕೊಡೋಕೆ ಬಂದವರು."

ಗುರುತಿಲ್ಲದವನ ವಿಷಯ ಹೇಳುವ ಹಾಗೆ, ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತವನ ವಿಷಯ ಹೇಳುವ ಹಾಗೆ ಹೇಳಿಬಿಟ್ಟಳು. ಬೇರೆ ಮಾತು ಸಾವಿರ ಇದ್ದವು. ಸ್ನೇಹಿತ ಅನ್ನಬಹುದಿತ್ತು, ನಮ್ಮವರೇ ಆದರೆ ಇವತ್ತು ಜಾಗವಿಲ್ಲ ಅನ್ನಬಹುದಿತ್ತು. ಅದಕ್ಕಿಂತ ಹೆಚ್ಚಿನದನ್ನೂ ಅನ್ನಬಹುದಿತ್ತು.

ಆರ್ವಲ್ ಇಕ್ಕಳವನ್ನು ಕಲ್ಲಿನ ಮೇಲೆ ಶಬ್ದವಾಗದಂತೆ ಇಟ್ಟು ಟೊಪ್ಪಿ ಎತ್ತಿಕೊಂಡ.

"ಹೌದಮ್ಮ," ಎಂದ ಮಾರ್ಜ್‌ಗೆ. "ಹಣ್ಣು ಇಳಿಸಿ ಆಯ್ತು. ಹೊರಡ್ತೀನಿ."

ಅಮ್ಮನಿಗೂ ಡೆಲ್ಮರ್‌ಗೂ ತಲೆಬಾಗಿಸಿ ಗಾಡಿಯ ಕಡೆ ನಡೆದ. ಮಾರ್ಜ್ ಮಾತ್ರ ನೆಲ್ಡಾಳನ್ನು ಒಂದು ನೋಟ ನೋಡಿ, ಏನೂ ಬರೆಯದೆ ಮುಂದಿನ ಗುಡಾರಕ್ಕೆ ಹೋದಳು. ಹಿಂದೆ ಓಡಬೇಕೆಂದು ನೆಲ್ಡಾಳಿಗೆ ಅನಿಸಿತು. ಅಷ್ಟರಲ್ಲಿ ಶೆರಿಲ್, ಪಾತ್ರೆಯಲ್ಲಿ ಏನೋ ತಳ ಹಿಡಿಯುವ ವಾಸನೆ ಎಂದಳು. ನೆಲ್ಡಾ ಬಗ್ಗಿ ಕೆಂಡ ಸರಿಸಿದಳು. ತಲೆ ಎತ್ತುವ ಹೊತ್ತಿಗೆ ಗಾಡಿ ತಿರುವು ದಾಟಿತ್ತು. ರಾತ್ರಿ ಎಲ್ಲರೂ ಪೀಚ್ ಹಣ್ಣಿನ ಬಿಸಿ ಸಿಹಿಯನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದರು. ಇಷ್ಟು ಒಳ್ಳೆಯ ಹಣ್ಣು ಎಲ್ಲಿ ಸಿಕ್ಕಿತು ಎಂದು ಕಾರ್ಲೀನ್ ಕೇಳಿದಳು.

ಭಾನುವಾರ ಬೆಳಿಗ್ಗೆ ಉಳಿದ ಹಣ್ಣಿಗೆ ಟೆಸ್ ಬಾಯಿ ಹಾಕಿದಳು, ಅದರ ಮೇಲೆ ಕೂತಿದ್ದ ಕಡಜ ಅವಳ ತುಟಿಗೆ ಕಚ್ಚಿತು. ತುಟಿ ಬದನೆಕಾಯಿಯಾಯಿತು. ಹುಡುಗಿ ಅತ್ತು ರಂಪ ಮಾಡಿ, ಇಂಥ ಕಾಡಿಗೆ ಕರೆತಂದೆಯಾ ಎಂದು ಕೋಲ್ಬಿಗೆ ಬೈದು, ಒಂಬತ್ತು ಗಂಟೆಗೆಲ್ಲ ಅವನನ್ನೂ ಗಾಡಿಯನ್ನೂ ಎಳೆದುಕೊಂಡು ಬೆಟ್ಟ ಇಳಿದಳು. ಮತ್ತೆ ಬರುವುದಿಲ್ಲವೆಂದು ಹೇಳಿಯೇ ಹೋದಳು. ಹದಿನಾರರಲ್ಲಿ ಎರಡು ಹೋಗಿ ಹದಿನಾಲ್ಕಾಯಿತು. ಆ ಲೆಕ್ಕ ಹಾಕಿದವಳು ಅಲ್ಲಿ ನೆಲ್ಡಾ ಒಬ್ಬಳೇ.

ಅವಳು ಏಪ್ರನ್ ಕೂಡ ಬಿಚ್ಚದೆ ಕಾರು ಹತ್ತಿದಳು. ಫೋನು ಹಿಡಿಯಬೇಕಾದರೆ ಹನ್ನೊಂದು ಮೈಲಿ ಕೆಳಗೆ, ಸೇತುವೆಯ ಹತ್ತಿರ ಹೋಗಬೇಕು. ಆರ್ವಲ್ ಎರಡನೆಯ ರಿಂಗಿಗೇ ಎತ್ತಿದ. ಅವಳು ಉಸಿರುಕಟ್ಟಿ ಒಂದೇ ಸಮನೆ ಹೇಳಿದಳು: ಹುಡುಗಿ ಹೋದಳು, ಹುಡುಗನೂ ಹೋದ, ಈಗ ಜಾಗ ಇದೆ, ನಾಳೆಯವರೆಗೂ ಇದೆ, ಬಾ.

ಕೇಳಿಸಲಿಲ್ಲವೇನೋ ಎಂದು ಅವಳು ಇನ್ನೊಮ್ಮೆ ಹೇಳಹೊರಟಳು.

"ಕೇಳಿಸ್ತು ನೆಲ್ಡಾ," ಅಂದ. "ಜಾಗ ಇಲ್ಲ ಅಂತ ನಾನು ಬಂದುಬಿಟ್ಟೆ ಅಂದ್ಕೊಂಡ್ಯಾ? ಜಾಗ ಇಲ್ದಿದ್ರೆ ಹೊಳೆ ಪಕ್ಕ ಗಾಡಿ ನಿಲ್ಸಿ ಮಲಗಿ ಬೆಳಿಗ್ಗೆ ನಡ್ಕೊಂಡು ಬರ್ತಿದ್ದೆ. ಆ ಹೆಂಗಸು ಕೇಳಿದ್ದು ನಾನು ಯಾರು ಅಂತ. ನೀನು ಹೇಳಿದೆ."

ಬಾಯಿತಪ್ಪಿ ಬಂತು, ನನ್ನ ಮನಸ್ಸಲ್ಲಿ ಇದ್ದದ್ದು ಅದಲ್ಲ ಎಂದಳು.

"ಮನಸ್ಸಲ್ಲಿ ಇದ್ದದ್ದು ನಂಗೆ ಗೊತ್ತು," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಸರಿಮಾಡಿಕೊಳ್ಳಬಹುದಿತ್ತು. "ನಿನ್ನ ಮನಸ್ಸಲ್ಲಿ ಮಾತ್ರ ಇರೋಕೆ ಈ ವಯಸ್ಸಲ್ಲಿ ನನ್ನ ಕೈಲಿ ಆಗಲ್ಲ. ಚಳಿ ಇದೆ, ಹುಷಾರು." ಫೋನು ಇಟ್ಟ.

ನೆಲ್ಡಾ ಸೇತುವೆಯ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಅತ್ತಳು. ದಾರಿಯಲ್ಲಿ ಹೋಗುತ್ತಿದ್ದ ಒಂದು ಗಾಡಿಯವರು ನಿಲ್ಲಿಸಿ ಏನಾಯಿತೆಂದು ಕೇಳಿದರು, ಏನಿಲ್ಲ ಎಂದು ಕೈಯಾಡಿಸಿ ಕಳಿಸಿದಳು. ಮುಖ ತೊಳೆದುಕೊಂಡು ವಾಪಸು ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಎಲ್ಲಿಗೆ ಹೋಗಿದ್ದೆ ಎಂದು ಯಾರೂ ಕೇಳಲಿಲ್ಲ. ಹಸಿವಾಗಿದೆ ಎಂದು ಮೂವರು ಹೇಳಿದರು.

ಊಟದ ಮಧ್ಯೆ ಡೆಲ್ಮರ್, ವರ್ಷ ವರ್ಷ ಜನ ಜಾಸ್ತಿಯಾಗುತ್ತಿದ್ದಾರೆ, ಮುಂದಿನ ಸಲ ಭಾನುವಾರವೇ ಬಂದು ಹಿಡಿದುಬಿಡು, ಮೂರು ಜಾಗ ಹಿಡಿ ಎಂದು ಸಲಹೆ ಕೊಟ್ಟ.

"ಮುಂದಿನ ವರ್ಷ ನಾನು ಬರಲ್ಲ," ಎಂದಳು ನೆಲ್ಡಾ. "ಬೇಕಾದ್ರೆ ನೀನೇ ಬಂದು ಕೂತ್ಕೋ."

ಎಷ್ಟು ಸುಲಭವಾಗಿ ಬಂದುಬಿಟ್ಟಿತು ಮಾತು. ನಿನ್ನೆ ಆರು ಗಂಟೆಗೆ ಬಂದಿದ್ದರೆ ಅದಕ್ಕೊಂದು ಬೆಲೆ ಇತ್ತು. ಡೆಲ್ಮರ್ ತಮಾಷೆಯೆಂದುಕೊಂಡು ನಕ್ಕ, ಕಾರ್ಲೀನ್ ಗಂಡನೂ ನಕ್ಕ. ಶೆರಿಲ್ ಮಾತ್ರ ನಗದೆ, ನಿಜವಾಗಿಯೂ ಬರುವುದಿಲ್ಲವೇ ಎಂದು ಗಾಬರಿಯಿಂದ ಅತ್ತೆಯ ಮುಖ ನೋಡಿದಳು. ಅಮ್ಮ ತಟ್ಟೆಯಿಂದ ಮೀನಿನ ಮುಳ್ಳು ಆರಿಸುತ್ತಲೇ ಸಮಾಧಾನ ಹೇಳಿದಳು.

"ಬರ್ತಾಳೆ ಬಿಡೇ. ಅವಳಿಗೆ ಇನ್ಯಾರಿದ್ದಾರೆ?"

ನಿನ್ನೆ ಸಂಜೆಯವರೆಗೆ ಆ ಮಾತು ಸುಳ್ಳಾಗಿತ್ತು. ಅದನ್ನು ನಿಜ ಮಾಡಿದ್ದು ಅಮ್ಮನಲ್ಲ, ಡೆಲ್ಮರನೂ ಅಲ್ಲ. ಅದು ನೆಲ್ಡಾಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಎದ್ದು ಎಲ್ಲರ ತಟ್ಟೆ ಕೂಡಿಸಿಕೊಂಡು ತೊಳೆಯಲು ಕೊಳದ ಕಡೆ ಹೋದಳು.